ನನ್ನ ಸೊಂಟದಲ್ಲಿ ನೀರು ಕಂಡ ಯಂತ್ರ ಮಹೋದಯರಿಗೆ

ಮಾನ್ಯರೇ,

ಶಿರಾ ಹೆದ್ದಾರಿಯ ಮಗ್ಗುಲಲ್ಲಿ, ಟೈರಿನ ಅಂಗಡಿಗೂ ಬಿರಿಯಾನಿ ಹೋಟೆಲಿಗೂ ನಡುವಿನ ಕಟ್ಟಡದಲ್ಲಿ, ಊರೆಲ್ಲ ಬೇಯುವಾಗಲೂ ತಂಪಾಗಿ ವಿರಾಜಮಾನರಾಗಿರುವ ಎಂ.ಆರ್.ಐ. ಯಂತ್ರ ಮಹೋದಯರ ಸನ್ನಿಧಿಗೆ, ಮಧುಗಿರಿ ತಾಲ್ಲೂಕು ಮಿಡಿಗೇಶಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಚನ್ನಮಲ್ಲಯ್ಯ ಎಂಬ ನಾನು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತು ಮಾಡುವ ಶರಣು ಶರಣಾರ್ಥಿ. ತಮ್ಮ ಕೊಳವೆ, ತಮ್ಮ ಮಂಚ, ತಮ್ಮ ಆ ಮಹಾಕಂಠ ಎಲ್ಲವೂ ಕ್ಷೇಮವೆಂದೂ, ನಮ್ಮ ಕಡೆ ಹೇಳದೆ ಕೇಳದೆ ಹೋಗಿ ಬರುವ ಕರೆಂಟು ತಮ್ಮ ವಿಷಯದಲ್ಲಾದರೂ ಮರ್ಯಾದೆಯಿಂದ ನಡೆದುಕೊಳ್ಳುತ್ತಿದೆಯೆಂದೂ ನಂಬಿದ್ದೇನೆ. ಕಾಲಿನ ಸಮಾಚಾರವನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ, ಕ್ಷಮಿಸಬೇಕು, ಖುಷಿ ತಡೆಯಲಾಗಲಿಲ್ಲ. ಆದರೂ ಇದು ದೂರಿನ ಪತ್ರವೇ. ನನ್ನ ಮೂಳೆಯ ವಿಚಾರ ಊರಲ್ಲೆಲ್ಲ ಬಹಿರಂಗವಾಗಿ ಚರ್ಚೆಯಾದದ್ದರಿಂದ ದೂರನ್ನೂ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ನನ್ನನ್ನು ಒಳಗಿನಿಂದ ಬಲ್ಲಿರಿ, ಹೊರಗಿನಿಂದ ಅರಿಯಿರಿ, ಆದ್ದರಿಂದ ಪರಿಚಯ ಹೇಳಿಕೊಳ್ಳುವುದು ನನ್ನ ಧರ್ಮ. ಅಂಗಡಿ ನನ್ನ ಹೊಟ್ಟೆಪಾಡು, ವೀರಗಾಸೆ ನನ್ನ ಬದುಕು. ಎದೆಗೆ ವೀರಭದ್ರನ ಹಲಗೆ ಕಟ್ಟಿ, ಕಾಲಿಗೆ ಗೆಜ್ಜೆ ಬಿಗಿದು, ಕೈಯಲ್ಲಿ ಕತ್ತಿ ಹಿಡಿದು ಕುಣಿಯಲು ನಿಂತದ್ದು ನನಗೆ ಮೀಸೆ ಮೂಡುವ ಮುಂಚೆ, ಈಗ ಆ ಮೀಸೆ ನರೆತಿದೆ. ನಮ್ಮ ತಂಡದ ದೊಡ್ಡಹನುಮಯ್ಯ ಚಮ್ಮಾಳವೆಂಬ ನಮ್ಮ ಚರ್ಮವಾದ್ಯಕ್ಕೆ ಕೋಲು ಇಟ್ಟನೆಂದರೆ, ನಾನು ಅಂಗಡಿಯಲ್ಲಿ ಕಡಲೆಬೇಳೆ ತೂಗುತ್ತಿದ್ದರೂ ನನ್ನ ಕಾಲು ನನ್ನ ಅಪ್ಪಣೆ ಕೇಳುವುದಿಲ್ಲ, ತಕ್ಕಡಿಯೂ ಕೇಳುವುದಿಲ್ಲ, ಗಿರಾಕಿಗೆ ಒಂದು ಹಿಡಿ ಬೇಳೆ ಜಾಸ್ತಿಯೇ ಬೀಳುತ್ತದೆ. ಚಮ್ಮಾಳ ನಿಂತು ಒಡಪು ಶುರುವಾದರೆ ಮಾತ್ರ ಕಥೆ ಬೇರೆ. ದಕ್ಷನ ಯಜ್ಞವನ್ನು ವೀರಭದ್ರ ಹಾಳುಮಾಡಿದ ಕಥೆಯನ್ನು ಗುಡುಗಿನ ಮಾತಿನಲ್ಲಿ ಹೇಳುವುದಕ್ಕೆ ಒಡಪು ಎನ್ನುತ್ತೇವೆ. ಅದು ಮುಗಿಯುವವರೆಗೆ ಕುಣಿಯುವವನು ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು, ಗೆಜ್ಜೆ ಒಂದು ಸೊಲ್ಲು ನುಡಿದರೂ ನನ್ನ ತಂದೆಯವರು ಕತ್ತಿಯ ಹಿಡಿಯಿಂದ ಮಂಡಿಗೆ ಕುಟ್ಟುತ್ತಿದ್ದರು. ಈ ಎರಡು ಅಭ್ಯಾಸಗಳನ್ನು ತಾವು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಶಿವರಾತ್ರಿ ಕಳೆದ ಮೇಲೆ ನನ್ನ ಎಡ ತೊಡೆಯ ಸಂದಿಯಲ್ಲಿ ನೋವು ಬಂತು. ಕೂತರೆ ಸುಮ್ಮನಿರುತ್ತಿತ್ತು, ಕಾಲು ಊರಿದರೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಮೂಳೆ ನೋವಿಗೆ ಯಾರೂ ಕಾರಣ ಹುಡುಕುವುದಿಲ್ಲ, ಕಾರಣ ಮನೆಮನೆಯಲ್ಲೂ ಸಿದ್ಧವಾಗಿಯೇ ಇರುತ್ತದೆ. ಪಾವಗಡದಿಂದ ಬಂದ ನನ್ನ ಭಾವಮೈದ ಕಾಲನ್ನು ಮುಟ್ಟಿಯೂ ನೋಡದೆ, ‘ಇಂಕೇಮಿ ಬಾವ, ಅಂತಾ ಬೋರ್ ನೀರೇ, ಫ್ಲೋರೈಡು’ ಎಂದು ಎಲ್ಲವನ್ನೂ ಬೋರ್ ನೀರಿನ ತಲೆಗೆ ಕಟ್ಟಿ ತೆಲುಗಿನಲ್ಲೇ ತೀರ್ಪು ಕೊಟ್ಟು, ಅದೇ ಬೋರ್ ನೀರಿನಲ್ಲಿ ಕಾಯಿಸಿದ ಕಾಫಿಯನ್ನು ಎರಡು ಲೋಟ ಕುಡಿದು ಹೋದ. ದೊಡ್ಡಹನುಮಯ್ಯ ‘ಅಯ್ನೋರೆ, ಇದು ವಾಯು, ಅವರೆಕಾಳು ತಿನ್ನೋದು ಬುಟ್ಬುಡಿ’ ಎಂದ. ಅವರೆಕಾಳಿನ ಕಾಲ ಮುಗಿದಿತ್ತಾದ್ದರಿಂದ ಬಿಡುವುದೇನೂ ಕಷ್ಟವಾಗಲಿಲ್ಲ. ನನ್ನ ಹೆಂಡತಿ ದಾಕ್ಷಾಯಣಮ್ಮ ಮಾತ್ರ ಯಾವ ಕಾರಣವನ್ನೂ ಹೇಳದೆ ನನ್ನನ್ನು ಮಧುಗಿರಿಯ ಮೂಳೆ ವೈದ್ಯರಲ್ಲಿಗೆ ಎಳೆದುಕೊಂಡು ಹೋದಳು.

ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ತಲೆ ಇರುತ್ತದೆಂದೂ, ಅದು ಸೊಂಟದ ಬಟ್ಟಲಿನೊಳಗೆ ಕೂತು ತಿರುಗುತ್ತದೆಂದೂ, ನನ್ನ ತಲೆ ಮಸುಕಾಗಿದೆಯೆಂದೂ ತಿಳಿಸಿದರು. ಮಸುಕಿಗೆ ಅವರು ಎರಡು ರೋಗಗಳ ಮೇಲೆ ಅನುಮಾನ ಪಟ್ಟರು. ಒಂದರಲ್ಲಿ ರಕ್ತ ಹರಿಯುವುದು ನಿಂತು ಆ ತಲೆ ಸಾಯುತ್ತದೆ, ಬರಬರುತ್ತ ಕುಸಿಯುತ್ತದೆ, ಕೊನೆಗೆ ಕೊಯ್ದು ತೆಗೆದು ಲೋಹದ ತಲೆ ಕೂರಿಸಬೇಕಾಗಬಹುದು. ಇನ್ನೊಂದರಲ್ಲಿ ಮೂಳೆಯೊಳಗೆ ನೀರು ತುಂಬಿ ಕೆಲವು ತಿಂಗಳು ಪ್ರಾಣ ಹಿಂಡಿ, ಭಾರ ಹಾಕದೆ ಜೋಪಾನ ಮಾಡಿದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಾನೇ ಹೊರಟುಹೋಗುತ್ತದೆ. ಎರಡೂ ನೋಯುವುದು ಒಂದೇ ಥರ, ಕುಂಟಿಸುವುದು ಒಂದೇ ಥರ, ಎಕ್ಸ್‌ರೇಯಲ್ಲಿ ನೋಡಿ ಇದೇ ಎಂದು ಹೇಳುವುದು ಕಷ್ಟ, ಅದಕ್ಕೆ ತಮ್ಮ ಸನ್ನಿಧಿಗೇ ಹೋಗಬೇಕು ಎಂದರು. ತಮ್ಮ ಚಿತ್ರದಲ್ಲಿ ಸತ್ತ ಮೂಳೆಯ ಸುತ್ತ, ಹೊಲಕ್ಕೆ ಬದು ಹಾಕಿದ ಹಾಗೆ, ಒಂದು ಗೆರೆ ಕಾಣುತ್ತದಂತೆ. ನೀರು ತುಂಬಿದ ಮೂಳೆಯಲ್ಲಿ ಆ ಗೆರೆ ಇರುವುದಿಲ್ಲವಂತೆ.

ಇಷ್ಟನ್ನೂ ಪಿಸುಮಾತಿನಲ್ಲಿ ಹೇಳಿದ ಆ ಪುಣ್ಯಾತ್ಮರು, ಅದೇನು ಗ್ರಹಚಾರವೋ, ಮುಂದಿನ ಮಾತನ್ನು ಮಾತ್ರ ಸಂತೆಯಲ್ಲಿ ಕೂಗಿದ ಹಾಗೆ ‘ಕುಡೀತೀರಾ?’ ಎಂದು ಕೇಳಿದರು. ಬಾಗಿಲು ತೆರೆದಿತ್ತು, ಹೊರಗಿನ ಬೆಂಚಿನ ಮೇಲೆ ನಮ್ಮ ಊರಿನ ಬಸ್ಸಿನಲ್ಲಿ ಬಂದ ಅರ್ಧ ಜನ ಕೂತಿದ್ದರು. ಇಲ್ಲ ಎಂದೆ. ‘ಯಾವಾಗಿಂದ ಇಲ್ಲ?’ ಎಂದರು. ಹುಟ್ಟಿದಾಗಿನಿಂದ ಎಂದೆ. ಮೂಳೆ ಸಾಯುವ ರೋಗ ಕುಡಿಯುವವರಲ್ಲಿ ಹೆಚ್ಚು, ಆದರೆ ಕುಡಿಯದವರಿಗೂ ಬರುತ್ತದೆ, ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ ಅಷ್ಟೆ ಎಂದು ಅವರು ಸಮಾಧಾನ ಹೇಳಿದ್ದು ಮತ್ತೆ ಪಿಸುಮಾತಿನಲ್ಲಿ, ಆದ್ದರಿಂದ ಬೆಂಚಿಗೆ ಅದು ಕೇಳಿಸಲಿಲ್ಲ.

ನಾನು ಊರುಗೋಲು ಹಾಕಿಕೊಂಡು ಬಸ್ ನಿಲ್ದಾಣ ಸೇರುವಷ್ಟರಲ್ಲಿ ಸುದ್ದಿ ಮೊದಲಿನ ಬಸ್ಸಿನಲ್ಲಿ ಹೊರಟುಹೋಗಿತ್ತು. ‘ಅಯ್ನೋರು ಒಳಗೊಳಗೇ ಹಾಕ್ತಾರಂತೆ ಕಣ್ಲಾ, ಮೂಳೆ ಸತ್ತೋಗೈತಂತೆ’ ಎಂದು ನನ್ನ ಅಂಗಡಿಯ ಜಗಲಿಯ ಮೇಲೆ, ನನ್ನದೇ ಕಡಲೆಪುರಿ ತಿನ್ನುತ್ತ, ನನ್ನ ಬಗ್ಗೆ ಮಾತಾಡಿಕೊಂಡರು. ಕೆಲವರು ಬೇಕೆಂದೇ ಎಣ್ಣೆ ಡಬ್ಬದ ಹಿಂದೆ ಬಾಟಲಿ ಇದೆಯೇ ಎಂದು ಇಣುಕಿ ನೋಡಿ ಅರ್ಧ ಲೀಟರ್ ಒಳ್ಳೆಣ್ಣೆ ಕೊಂಡುಕೊಂಡು ಹೋದರು, ವ್ಯಾಪಾರ ಕುದುರಿತು, ಸುಳ್ಳು ಹೇಳಬಾರದು. ಆದರೆ ಚಿಕ್ಕಪ್ಪನ ಮಗ ಹಾಲೇಶ್ ಬಂದಾಗ ನನಗೆ ನಗು ಬರಲಿಲ್ಲ. ಅವನು ನಮ್ಮ ತಂಡದ ಯಜಮಾನ. ವೇಷ ಕಟ್ಟುವವನು ಹೆಂಡ ಮುಟ್ಟಬಾರದೆಂಬುದು ನಮ್ಮ ತಂಡದ ಕಟ್ಟಳೆ. ‘ನಂಗೇನ್ ಗೊತ್ತಿಲ್ವಾ ಅಣ್ಣ, ಆದ್ರೂ ಜನ ಆಡ್ಕೊಂತಾರೆ, ಸ್ಕ್ಯಾನಿಂಗ್ ಆಗೋಗಂಟ ಹಲಗೆ ನನ್ ತಾವೇ ಇರ್ಲಿ’ ಎಂದು, ನನ್ನ ಅಪ್ಪ ಕಟ್ಟಿದ, ಅವರಪ್ಪ ಕಟ್ಟಿದ ಆ ಹಲಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಹೋದ.

ಕೊರಟಗೆರೆಯಲ್ಲಿರುವ ನನ್ನ ಅಕ್ಕ ಪುಷ್ಪಾವತಿಯ ಮಗಳ ಮದುವೆ ಕಾರ್ತಿಕದಲ್ಲಿ ನಿಶ್ಚಯವಾಗಿತ್ತು. ಮದುವೆಗೆ ಮುನ್ನ ವೀರಭದ್ರನ ಹೆಸರಿನಲ್ಲಿ ಕೆಂಡದ ಗಡಿಗೆ ಹೊತ್ತು ಬೀದಿಯಲ್ಲಿ ಸಾಗುವ ಗುಗ್ಗಳಕ್ಕೆ ನಾನೇ ಮುಂದೆ ಕುಣಿಯಬೇಕೆಂದು ಆ ಮಗು ಚಿಕ್ಕಂದಿನಲ್ಲೇ ನನ್ನ ಹೆಗಲ ಮೇಲೆ ಕೂತು ಮಾತು ತೆಗೆದುಕೊಂಡಿತ್ತು. ಈಗ ತಮ್ಮ ಚಿತ್ರದಲ್ಲಿ ಗೆರೆ ಕಂಡರೆ ಕಾಲೂ ಹೋಯಿತು, ಊರಿನ ಲೆಕ್ಕದಲ್ಲಿ ಹಲಗೆಯೂ ಹೋಯಿತು. ಮಾನ್ಯರೇ, ಒಬ್ಬ ಮನುಷ್ಯನ ಮಾನ, ಮೂಳೆ, ಮಾತು ಮೂರನ್ನೂ ಒಂದೇ ಗೆರೆಗೆ ಕಟ್ಟಿದ ಸಂದರ್ಭ ತಮ್ಮ ಅನುಭವದಲ್ಲಿ ಬಂದಿರಲಾರದು.

ಶಿರಾಕ್ಕೆ ಬಂದೆವು. ‘ಫಿಕರ್ ಮಾಡ್ಬೇಡಿ ಸಾಬ್, ಒಳಗೆ ಮಲಗೋದು ಅಷ್ಟೇ’ ಎಂದು ಆಟೋದವನು ಧೈರ್ಯ ಹೇಳಿ ಇಳಿಸಿದ. ತಮ್ಮ ಸೇವೆಯಲ್ಲಿರುವ ಅಶ್ವಿನಿ ಎಂಬ ಹುಡುಗಿ, ಮೈಮೇಲೆ ಲೋಹದ್ದೇನೂ ಇರಬಾರದು ಅಂಕಲ್ ಎಂದಳು. ಕತ್ತಿ ಮನೆಯಲ್ಲೇ ಇದೆಯಮ್ಮ ಎಂದು ನಾನು ಹೇಳಿದ್ದಕ್ಕೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಕೊರಳಿನ ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ದಾಕ್ಷಾಯಣಮ್ಮ ಬಿಳಿಯ ವಸ್ತ್ರದಲ್ಲಿ ಎದೆಗೆ ಕಟ್ಟಿದಳು. ಅದನ್ನು ಪರೀಕ್ಷಿಸಿದ ಅಶ್ವಿನಿ ಮೊದಲು ಕೈಮುಗಿದು ಆಮೇಲೆ ಸರಿ ಎಂದಳು. ತೊಂದರೆ ಕೊಟ್ಟದ್ದು ನನ್ನ ಬೆಳ್ಳಿ ಉಡುದಾರ. ಅದು ಸರಿಯಾಗಿ ತಾವು ನೋಡಬೇಕಾದ ಜಾಗದಲ್ಲೇ ಕೂತಿತ್ತು. ನನ್ನ ಮದುವೆಯಲ್ಲಿ ಹಾಕಿದ್ದು, ಆಮೇಲೆ ಹೊಟ್ಟೆ ಬೆಳೆಯಿತು, ದಾರ ಬೆಳೆಯಲಿಲ್ಲ. ಕೊನೆಗೆ ಎದುರು ರಸ್ತೆಯ ಬೆಳ್ಳಿ ಕೆಲಸದವರು ಇಕ್ಕಳ ತಂದು ಕತ್ತರಿಸಬೇಕಾಯಿತು, ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ತಮ್ಮ ತಮ್ಮ ನೋವು ಮರೆತು ನೋಡಿದರು.

ಇನ್ನು ಮುಖ್ಯ ದೂರು. ನನ್ನನ್ನು ಮಂಚದ ಮೇಲೆ ಮಲಗಿಸಿ, ಕಿವಿಗೆ ಮುಚ್ಚಳ ಹಾಕಿ, ಒಂದು ಕೂದಲೂ ಅಲುಗಬಾರದು ಎಂದು ಹೇಳಿ ಒಳಗೆ ತಳ್ಳಿದ ಕೂಡಲೇ ತಾವು ಬಾರಿಸತೊಡಗಿದಿರಿ. ಕಿರ್ ಎಂದಿರಿ, ಗುರ್ ಎಂದಿರಿ, ಅಲ್ಲಿಯವರೆಗೆ ನಾನು ತಾಳಿಕೊಂಡೆ. ಆಮೇಲೆ ಇದ್ದಕ್ಕಿದ್ದ ಹಾಗೆ ಟಕಟಕ ದುಗುದುಗು, ಟಕಟಕ ದುಗುದುಗು ಎಂದು ಚಮ್ಮಾಳದ ನಡೆ ಹಿಡಿದಿರಿ. ಸ್ವಾಮೀ, ವೀರಗಾಸೆಯವನನ್ನು ಮಲಗಿಸಿ ಅವನ ಕಿವಿಯ ಪಕ್ಕ ಚಮ್ಮಾಳ ಬಾರಿಸಿ ಅಲುಗಬೇಡ ಎನ್ನುವುದು ಯಾವ ನ್ಯಾಯ? ನನ್ನ ಹೆಬ್ಬೆರಳು ಎದ್ದಿತು, ಹೆಬ್ಬೆರಳಿನ ಹಿಂದೆ ಪಾದ, ಪಾದದ ಹಿಂದೆ ಮಂಡಿ, ನೋವಿದ್ದ ಕಾಲೂ ಸುಮ್ಮನಿರಲಿಲ್ಲ. ‘ಅಂಕಲ್, ಕಾಲು’ ಎಂದು ಅಶ್ವಿನಿ ಕೊಳವೆಯೊಳಗೆ ಕೂಗಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು, ತಾವೂ ಮತ್ತೆ ಅದೇ ನಡೆಗೆ ಬಂದಿರಿ, ನಾನೂ ಬಂದೆ. ಅದರಲ್ಲೂ ತಾವು ನಾಲ್ಕನೆಯ ಪೆಟ್ಟಿನಲ್ಲಿ ಒಂದು ಚೂರು ತಡವಾಗುತ್ತೀರಿ, ಅದನ್ನು ತುಂಬಿಕೊಡಬೇಕೆಂದು ನನ್ನ ಸೊಂಟವೇ ಮುಂದಾಯಿತು.

ಚಿತ್ರ ಓದುವ ವೈದ್ಯರು ತೆರೆಯನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಕನ್ನಡಕ ತೆಗೆದು ನೋಡಿದರು. ಗೆರೆಯ ಹಾಗೆ ಏನೋ ಕಾಣುತ್ತಿದೆ, ಆದರೆ ಅಲುಗಿದಾಗ ಒಂದು ಅಂಚೇ ಎರಡಾಗಿ ಮೂರಾಗಿ ಬೀಳುತ್ತದೆ, ಇದು ಮೂಳೆಯ ಗೆರೆಯೋ ಇವರ ಕುಣಿತದ ಗೆರೆಯೋ ಹೇಳಲಾರೆ, ಊಟ ಮಾಡಿಕೊಂಡು ಬನ್ನಿ, ಇನ್ನೊಂದು ಸಲ ತೆಗೆಯೋಣ, ಆಗಲೂ ಹೀಗೇ ಬಂದರೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ ಎಂದರು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹೊರಗಿನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತೆವು. ವೀರಭದ್ರ ದಕ್ಷನ ತಲೆ ಕಡಿದ ಮೇಲೆ ದಕ್ಷನಿಗೆ ಕುರಿಯ ತಲೆ ಕೂರಿಸಿದರೆಂದು ಊರೂರಿನಲ್ಲಿ ಒಡಪು ಹೇಳಿ ಜನರನ್ನು ನಗಿಸಿದವನು ನಾನು, ಈಗ ನನ್ನ ಮೂಳೆಗೇ ಬೇರೆ ತಲೆ ಕೂರಿಸುವ ಹೊತ್ತು ಬಂತಲ್ಲ ಎಂದು ಕಣ್ಣಲ್ಲಿ ನೀರು ಬಂತು. ದಾಕ್ಷಾಯಣಮ್ಮ ನನ್ನ ಕಡೆ ನೋಡದೆ ಉಪ್ಪಿನಕಾಯಿ ಬಡಿಸುತ್ತ, ‘ಚಮ್ಮಾಳ ಕೇಳುದ್ರೆ ಕುಣೀತೀರ, ಸರಿ. ಒಡಪು ಕೇಳುದ್ರೆ ನಿಲ್ತೀರಲ್ಲ. ಒಳಗೋದ್ಮೇಲೆ ಅದನ್ನೇ ಮನಸ್ನಾಗೆ ಹೇಳ್ಕಳಿ’ ಎಂದಳು. ದಕ್ಷನ ಮಗಳ ಹೆಸರಿಟ್ಟುಕೊಂಡವಳು ವೀರಭದ್ರನಿಗೆ ಬುದ್ಧಿ ಹೇಳಿದ್ದು ಅದೇ ಮೊದಲೇನಲ್ಲ.

ಎರಡನೆಯ ಸಲ ತಾವು ಟಕಟಕ ಎನ್ನುವ ಮುಂಚೆಯೇ ನಾನು ಮನಸ್ಸಿನೊಳಗೆ ‘ಅಹಹಾ ರುದ್ರ’ ಎಂದು ಒಡಪು ಎತ್ತಿದೆ. ತಾವು ಬಾರಿಸಿದಿರಿ, ನಾನು ದಕ್ಷನ ಯಾಗಶಾಲೆಗೆ ಹೋದೆ. ತಾವು ಗುಡುಗಿದಿರಿ, ನಾನು ಅಪ್ಪನ ಕತ್ತಿಯ ಹಿಡಿಯನ್ನು ನೆನೆದೆ. ಮೂಗಿನ ಮೇಲೆ ತುರಿಕೆ ಬಂದರೂ ತುರಿಸಲಿಲ್ಲ, ಹೆಬ್ಬೆರಳು ಸತ್ತಂತೆ ಬಿದ್ದಿತ್ತು. ಅತ್ತ ಕುರಿಯ ತಲೆ ಕೂರಿಸಿ ಮುಗಿಯಿತು, ಇತ್ತ ತಾವೂ ಮೌನವಾದಿರಿ. ವೈದ್ಯರು ತೆರೆಯ ಮುಂದೆ ಕೂತು, ‘ಗೆರೆ ಇಲ್ಲ’ ಎಂದರು. ದಾಕ್ಷಾಯಣಮ್ಮ ‘ಇನ್ನೊಂದ್ಸಲ ಹೇಳಿ ಸಾರ್’ ಎಂದಳು. ‘ಗೆರೆ ಇಲ್ಲಮ್ಮ, ಮೂಳೆ ಸತ್ತಿಲ್ಲ, ಒಳಗೆಲ್ಲ ನೀರು ತುಂಬಿದೆ ಅಷ್ಟೆ, ಕಾಲಿಗೆ ಭಾರ ಹಾಕದೆ ಇದ್ರೆ ತಾನಾಗೇ ಹೋಗುತ್ತೆ’ ಎಂದರು. ನಾನು ಕುಣಿಯಲು ಹೊರಟೆ, ಅಶ್ವಿನಿ ಹಿಡಿದು ಕೂರಿಸಿದಳು.

ನೀರು ಎಂದರು ಮಾನ್ಯರೇ, ನೀರು! ಮಧುಗಿರಿ ಪಾವಗಡದ ಜನ ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲವೆಲ್ಲ ಓಡಾಡಿ ಪಾಯಿಂಟ್ ನೋಡಿಸಿ, ಬೋರ್ ಕೊರೆಸಿ, ಕೊನೆಗೆ ಧೂಳು ಕುಡಿದು ಮನೆಗೆ ಬರುವ ಸೀಮೆಯಲ್ಲಿ, ಒಂದು ರಂಧ್ರವನ್ನೂ ಕೊರೆಯದೆ ಒಣಗಿದ ಒಬ್ಬ ದಿನಸಿ ವ್ಯಾಪಾರಿಯ ಸೊಂಟದಲ್ಲಿ ತಾವು ನೀರು ಹುಡುಕಿಕೊಟ್ಟಿರಿ. ಆದ್ದರಿಂದ ನನ್ನ ಮೊದಲ ವಿನಂತಿ ಏನೆಂದರೆ, ತಾವು ಬಿಡುವು ಮಾಡಿಕೊಂಡು ಮಿಡಿಗೇಶಿಗೆ ಚಿತ್ತೈಸಿ ಬೆಟ್ಟದ ಬುಡದ ನಮ್ಮ ಹೊಲವನ್ನು ತಮ್ಮ ಮಂಚದ ಮೇಲೆ ಮಲಗಿಸಿ ನೋಡಬೇಕು. ಹೊಲ ಅಲುಗುವುದಿಲ್ಲ, ಅದಕ್ಕೆ ನಾನು ಜಾಮೀನು. ಎರಡನೆಯದಾಗಿ, ಆ ನಾಲ್ಕನೆಯ ಪೆಟ್ಟನ್ನು ಸರಿಪಡಿಸಿಕೊಳ್ಳಲು ದೊಡ್ಡಹನುಮಯ್ಯನ ಬಳಿ ಪಾಠಕ್ಕೆ ಬರಬೇಕು. ಅವನು ಬೈಯುತ್ತಾನೆ, ಆದರೆ ಕಲಿಸುತ್ತಾನೆ.

ಮೂರನೆಯದು ನಷ್ಟಪರಿಹಾರದ ವಿಷಯ. ಮೂಳೆ ಸತ್ತಿದೆ ಎಂದಾಗ ನನ್ನನ್ನು ನೋಡಲು ಬರುವವರ ಕೈಯಲ್ಲಿ ಮೂಸಂಬಿ ಇರುತ್ತಿತ್ತು, ಬಾಳೆಹಣ್ಣಿನ ಚಿಪ್ಪಿರುತ್ತಿತ್ತು, ಮದಲೂರಿನ ನೆಂಟರು ಒಂದು ಡಬ್ಬಿ ರವೆಉಂಡೆ ಕೂಡ ತಂದಿದ್ದರು. ಬರೀ ನೀರು ಎಂದು ತಿಳಿದ ಮಾರನೆಯ ದಿನದಿಂದ ಒಂದು ನಿಂಬೆಹಣ್ಣೂ ಬರಲಿಲ್ಲ, ‘ಓ ಅಷ್ಟೇನಾ’ ಎಂದು ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಾರೆ. ಇನ್ನು ಮುಂದೆ ಇಂಥ ಶುಭವಾರ್ತೆಯನ್ನು ತಾವು ಹಣ್ಣಿನ ಕಾಲ ಮುಗಿಯುವವರೆಗೆ ಗುಟ್ಟಾಗಿ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ನನ್ನ ಚಾರಿತ್ರ್ಯದ ಪ್ರಚಾರವನ್ನು ದಾಕ್ಷಾಯಣಮ್ಮ ವಹಿಸಿಕೊಂಡಳು. ತಾವು ಕೊಟ್ಟ ಫಿಲಮನ್ನು ಅಂಗಡಿಯ ಬಲ್ಬಿನ ಮುಂದೆ, ಶಾಂಪೂ ಪಾಕೀಟಿನ ಸರಗಳ ನಡುವೆ ನೇತುಹಾಕಿ, ಉಪ್ಪಿಗೆ ಬಂದವರಿಗೂ ಸೋಪಿಗೆ ಬಂದವರಿಗೂ ‘ನೋಡ್ಕಳಿ, ಎಲ್ಲೈತೆ ಗೆರೆ?’ ಎಂದು ತೋರಿಸಿದಳು. ಗೆರೆ ಇಲ್ಲದಿರುವುದಕ್ಕೂ ಕುಡಿಯದಿರುವುದಕ್ಕೂ ಅಂಥ ನಂಟಿಲ್ಲವೆಂದು ವೈದ್ಯರು ಹೇಳಿದ್ದರು, ಆದರೆ ಸುಳ್ಳಿಗೆ ಹತ್ತಿದ ಊರನ್ನು ಇಳಿಸಲು ಅದೇ ಏಣಿ ಬೇಕಾಗಿತ್ತು. ನನ್ನ ಸೊಂಟದ ಒಳಭಾಗವನ್ನು ನೋಡದವರು ಈಗ ನಮ್ಮ ಹೋಬಳಿಯಲ್ಲಿ ಯಾರೂ ಉಳಿದಿಲ್ಲ. ನಾನು ಮಾತ್ರ ಮಳೆಗಾಲವಿಡೀ ಊರುಗೋಲಿನ ಮೇಲೆ, ಒಂದು ಕಾಲನ್ನು ಮಗುವಿನಂತೆ ಎತ್ತಿಕೊಂಡು ಓಡಾಡಿದೆ. ಚಮ್ಮಾಳ ಕೇಳಿಸಿದಾಗಲೆಲ್ಲ ಒಡಪು ಹೇಳಿಕೊಂಡೆ.

ಮೊನ್ನೆ ಮತ್ತೆ ತಮ್ಮ ಸನ್ನಿಧಿಗೆ ಬಂದಿದ್ದು ತಮಗೆ ನೆನಪಿರಬಹುದು. ಆ ಸಲ ಉಡುದಾರವಿರಲಿಲ್ಲ, ನೀರೂ ಇರಲಿಲ್ಲ. ಮೂಳೆ ಗಟ್ಟಿಯಾಗಿದೆ, ಮೆಲ್ಲಗೆ ಶುರುಮಾಡಬಹುದು ಎಂದರು. ನಿನ್ನೆ ಸಂಜೆ ಹಾಲೇಶ್ ಟವಲಿನ ಗಂಟು ಹಿಡಿದು ಬಂದು, ‘ನಂಗೊತ್ತಿತ್ತು ಬುಡಣ್ಣ’ ಎಂದು ಹಲಗೆಯನ್ನು ಕೈಗಿಟ್ಟ. ನಾನು ಹಲಗೆಯನ್ನು ಎದೆಗೊತ್ತಿಕೊಂಡು ಅತ್ತೆ. ಬರುವ ಸೋಮವಾರ ಕೊರಟಗೆರೆಯಲ್ಲಿ ಗುಗ್ಗಳ. ಹಾರಬೇಡಿ, ನಡೆಯುವಷ್ಟೇ ಕುಣಿಯಿರಿ ಎಂದು ವೈದ್ಯರ ಅಪ್ಪಣೆಯಾಗಿದೆ, ಅದನ್ನು ನನ್ನ ತಲೆ ಕೇಳಿಸಿಕೊಂಡಿದೆ, ಹೆಬ್ಬೆರಳಿನ ವಿಷಯ ನಾನು ಹೇಳಲಾರೆ. ತಾವು ಸಕಲ ತಂತಿಗಳ ಸಮೇತರಾಗಿ ದಯಮಾಡಿಸಿ, ನಾನು ಅಲುಗುವುದನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕು.

ಮೂಳೆ, ಮಾನ ಎರಡನ್ನೂ ಮರಳಿ ಪಡೆದು, ದೂರು ಹೇಳಲು ಕಾರಣ ಸಾಲದೆ ಒದ್ದಾಡುತ್ತಿರುವ,
ತಮ್ಮ ವಿಶ್ವಾಸಿ,
ಚನ್ನಮಲ್ಲಯ್ಯ
ದಿನಸಿ ವ್ಯಾಪಾರ ಮತ್ತು ವೀರಗಾಸೆ, ಮಿಡಿಗೇಶಿ

ಮರೆತ ಮಾತು: ಹಲಗೆ ಕೊಟ್ಟು ಹೊರಟಾಗ ಹಾಲೇಶ್ ನಮ್ಮ ಮೆಟ್ಟಿಲಲ್ಲಿ ತೊಡೆಯ ಸಂದಿ ಹಿಡಿದುಕೊಂಡು ನಿಂತ, ಯಾವ ಯಂತ್ರ ಅಣ್ಣ ಅದು ಎಂದು ಮೆಲ್ಲಗೆ ಕೇಳಿದ. ಗುಗ್ಗಳ ಮುಗಿದ ಮೇಲೆ ತಮ್ಮಲ್ಲಿಗೆ ಬರುತ್ತಾನೆ. ಅವನ ಚಿತ್ರ ಮೊದಲ ಸಲಕ್ಕೇ ನಿಚ್ಚಳವಾಗಿ ಬರುತ್ತದೆ, ಇಷ್ಟು ವರ್ಷದಲ್ಲಿ ಯಾವ ಚಮ್ಮಾಳಕ್ಕೂ ಅವನ ಕಾಲು ಸರಿಯಾಗಿ ಅಲುಗಿದ್ದಿಲ್ಲ. ಅವನಿಗೂ ಗೆರೆ ಕಾಣದಿರಲೆಂದು ವೀರಭದ್ರನಿಗೆ ಕಾಯಿ ಕಟ್ಟಿದ್ದೇನೆ. ಮಧುಗಿರಿಯಲ್ಲಿ ನನ್ನನ್ನು ಕೇಳಿದ ಆ ‘ಕುಡೀತೀರಾ?’ ಎಂಬ ಪ್ರಶ್ನೆಯನ್ನು ಮಾತ್ರ ಬಾಗಿಲು ಹಾಕಿಕೊಂಡು ಕೇಳಲು ತಮ್ಮ ವೈದ್ಯರಿಗೆ ಹೇಳಿ. ನನ್ನ ಉತ್ತರ ಬೆಂಚಿಗೆ ಕೇಳಿಸಿದ್ದರೂ ನಡೆಯುತ್ತಿತ್ತು, ಅವನದು ನಡೆಯುವುದಿಲ್ಲ.